ಬುತ್ತಿಯ ರೊಟ್ಟಿ ಮತ್ತು ಅದರೊಳಗಿನ ಪಲ್ಯ

ನರೇಗಲ್, ರೋಣ, ಗಜೇಂದ್ರಗಡ, ನರಗುಂದಗಳ ಎರೆಹೊಲದ ಸೀಮೆಯಲ್ಲಿ ಊಟವೆಂದರೆ ರೊಟ್ಟಿಯ ಊಟ. ಮುಂಜಾನೆ ಬಡಿದ ರೊಟ್ಟಿಯ ಮೇಲೆ ಪಲ್ಯವನ್ನಿಟ್ಟು, ಒಂದಿಷ್ಟು ಹಿಂಡಿ ಉದುರಿಸಿ, ಮಡಚಿ, ಶುಭ್ರವಾದ ಅರಿವೆಯಲ್ಲಿ ಕಟ್ಟಿ ಹೊಲಕ್ಕೆ ಒಯ್ಯುವ ಬುತ್ತಿಯು ಇಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ಬಂದದ್ದು. ಪಟ್ಟಣಗಳಲ್ಲಿ ಎರಡು ಬ್ರೆಡ್ಡಿನ ತುಂಡುಗಳ ನಡುವೆ ತರಕಾರಿ, ಬೆಣ್ಣೆಗಳನ್ನಿಟ್ಟು ಸ್ಯಾಂಡ್‌ವಿಚ್ ಎಂದು ಮಾರುತ್ತಾರೆ. ನಮ್ಮ ಬುತ್ತಿಯೂ ಅದೇ ಜಾತಿಗೆ ಸೇರಿದ್ದು. ಹೊರಗಿನ ಹೊದಿಕೆ ಧಾನ್ಯದ್ದು. ಒಳಗಿನ ಹೂರಣ ಕಾಳು, ಕಾಯಿಪಲ್ಯ, ಎಣ್ಣೆಕಾಳುಗಳದ್ದು. ಇವೆರಡರ ಆಯ್ಕೆಯಿಂದ ಒಂದು ಹೊತ್ತಿನ ಊಟವು ಭಾರವಾಗಬಹುದು, ಹಗುರವೂ ಆಗಬಹುದು.

ದಂಪತಿಗಳು ಈ ವಿಷಯವನ್ನು ತಿಳಿಯಬೇಕಾದ ಅಗತ್ಯವೇನು? ಮೂವತ್ತು ನಲವತ್ತು ವರ್ಷಗಳ ಹಿಂದೆ ಈ ಭಾಗದ ಹಳ್ಳಿಗಳಲ್ಲಿ ಸ್ಥೂಲಕಾಯವು ಶ್ರೀಮಂತರ ಮನೆಯ ಮಾತಾಗಿತ್ತು. ಇಂದು ಹಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿಯ ತೂಕ ಇರಬೇಕಾದುದಕ್ಕಿಂತ ಹೆಚ್ಚು. ಅದೇ ಸಮೀಕ್ಷೆಯಲ್ಲಿ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನತೆಯುಳ್ಳವರೆಂದೂ ಕಂಡುಬಂದಿದೆ. ಹೆಚ್ಚು ತಿನ್ನುವ ತೊಂದರೆಯೂ ಸಾಲದೆ ಬರುವ ತೊಂದರೆಯೂ ಒಂದೇ ಊರಿನಲ್ಲಿ, ಅನೇಕ ಸಲ ಒಂದೇ ಒಲೆಯ ಸುತ್ತ ಕುಳಿತವರಲ್ಲಿ ಇವೆ. ಹೀಗಾಗಿ ಎಲ್ಲರಿಗೂ ಒಂದೇ ಬುತ್ತಿಯನ್ನು ಕಟ್ಟಿದರೆ ಕೆಲಸ ಸಾಗದು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಮೊದಲು ರಂಟೆ, ಕುಂಟೆಗಳನ್ನು ಎತ್ತುಗಳ ಹಿಂದೆ ನಡೆದು ಹೊಡೆಯುತ್ತಿದ್ದರು. ಈಗ ಬಹುಪಾಲು ಉಳುಮೆಯನ್ನು ಟ್ರ್ಯಾಕ್ಟರ್ ಮಾಡುತ್ತದೆ. ಮೊದಲು ಹೆಣ್ಣುಮಕ್ಕಳು ಬೆಳಗಿನ ಜಾವ ಬೀಸುಕಲ್ಲಿನಲ್ಲಿ ಜೋಳ ಬೀಸಿ, ಬಾವಿಯಿಂದ ನೀರು ಹೊತ್ತು, ಆಮೇಲೆ ಒಲೆ ಹೊತ್ತಿಸುತ್ತಿದ್ದರು. ಈಗ ಹಿಟ್ಟಿನ ಗಿರಣಿಯಿದೆ, ಅನೇಕರ ಬಾಗಿಲಿಗೆ ನಳವಿದೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರೆ. ಇವೆಲ್ಲ ಒಳ್ಳೆಯ ಬದಲಾವಣೆಗಳೇ. ಬೀಸುಕಲ್ಲಿಗೆ ಮರಳಿರೆಂದು ಯಾರೂ ಹೇಳಲಾರರು. ಆದರೆ ಮೈಯ ಶ್ರಮ ಕಡಿಮೆಯಾದಷ್ಟು ಬುತ್ತಿ ಕಡಿಮೆಯಾಗಲಿಲ್ಲ. ಅದಕ್ಕೆ ಪ್ರತಿಯಾಗಿ ಅಡುಗೆಗೆ ಬೀಳುವ ಎಣ್ಣೆ ಹೆಚ್ಚಿತು, ಚಹಾಕ್ಕೆ ಬೀಳುವ ಸಕ್ಕರೆ ಹೆಚ್ಚಿತು.

ಕ್ಯಾಲೊರಿ ಎಂದರೇನು?

ಆಹಾರವು ದೇಹದಲ್ಲಿ ಕರಗಿದಾಗ ಹೊರಡುವ ಶಕ್ತಿಯನ್ನು ಅಳೆಯುವ ಮಾನಕ್ಕೆ ಕ್ಯಾಲೊರಿ ಎಂದು ಹೆಸರು. ಒಂದು ಗ್ರಾಂ ಪಿಷ್ಟದಿಂದ ಅಥವಾ ಸಸಾರಜನಕದಿಂದ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಜಿಡ್ಡಿನಿಂದ 9 ಕ್ಯಾಲೊರಿ ದೊರೆಯುತ್ತದೆ. ಶಕ್ತಿಯು ದುಡಿತಕ್ಕೆ ಬೇಕಾದಷ್ಟೇ ಇದ್ದರೆ ತೂಕ ಸ್ಥಿರವಾಗಿರುವುದು. ಮಿಕ್ಕಿದ್ದು ಕೊಬ್ಬಾಗಿ ಮೈಯಲ್ಲಿ, ವಿಶೇಷವಾಗಿ ಹೊಟ್ಟೆಯ ಸುತ್ತ, ಶೇಖರಗೊಳ್ಳುವುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಕುಳಿತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ ಸುಮಾರು 2110 ಕ್ಯಾಲೊರಿ, ಸಾಧಾರಣ ಶ್ರಮದವನಿಗೆ 2710, ಭಾರೀ ಶ್ರಮದವನಿಗೆ 3470 ಬೇಕು. ಸ್ತ್ರೀಯರಿಗೆ ಇದೇ ಕ್ರಮದಲ್ಲಿ 1660, 2130 ಮತ್ತು 2720. ಗಮನಿಸಬೇಕಾದ ಸಂಗತಿ ಇದು: ಅಂಗಡಿಯಲ್ಲಿ ಕುಳಿತ ಗಂಡನಿಗಿಂತ ಇಡೀ ದಿನ ಕಳೆ ಕೀಳುವ, ಉಳ್ಳಾಗಡ್ಡಿ ಹೊರುವ ಹೆಂಡತಿಗೆ ಹೆಚ್ಚು ಆಹಾರ ಬೇಕಾಗಬಹುದು. ನಮ್ಮ ಮನೆಗಳಲ್ಲಿ ರೊಟ್ಟಿಯ ಎಣಿಕೆ ಸಾಮಾನ್ಯವಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತದೆ.

ಹೊದಿಕೆಯ ಆಯ್ಕೆ

ಜೋಳ ಹಗುರ, ಅಕ್ಕಿ ಭಾರ ಎಂಬ ಮಾತನ್ನು ಅನೇಕರು ಆಡುತ್ತಾರೆ. ಕ್ಯಾಲೊರಿಯನ್ನಷ್ಟೇ ಲೆಕ್ಕ ಹಾಕಿದರೆ ಈ ಮಾತು ಅರ್ಧ ಸತ್ಯ. 100 ಗ್ರಾಂ ಜೋಳದಲ್ಲಿ ಸುಮಾರು 334, ಸಜ್ಜೆಯಲ್ಲಿ 348, ಇಡಿ ಗೋಧಿಯ ಹಿಟ್ಟಿನಲ್ಲಿ 320, ಅಕ್ಕಿಯಲ್ಲಿ 356, ಮೈದಾದಲ್ಲಿ 352 ಕ್ಯಾಲೊರಿ ಇರುವುದು. ಇವುಗಳ ಅಂತರ ದೊಡ್ಡದೇನಲ್ಲ. ನಿಜವಾದ ಅಂತರವಿರುವುದು ನಾರಿನಲ್ಲಿ. ಜೋಳ, ಸಜ್ಜೆ, ಇಡಿ ಗೋಧಿಗಳಲ್ಲಿ 100 ಗ್ರಾಂಗೆ 10-11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ 3 ಗ್ರಾಂ ಕೂಡ ಇರುವುದಿಲ್ಲ. ನಾರು ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಬೇಗ ಹಸಿವಾಗುವುದಿಲ್ಲ. ಪಿಷ್ಟವು ಸಕ್ಕರೆಯಾಗಿ ರಕ್ತಕ್ಕೆ ಸೇರುವ ವೇಗವೂ ತಗ್ಗುತ್ತದೆ. ರೊಟ್ಟಿಯನ್ನು ಅಗಿದು ತಿನ್ನಬೇಕು, ಅಗಿಯಲು ಹೊತ್ತು ಬೇಕು. ಅನ್ನ ಸಾರನ್ನು ಗಟಗಟನೆ ಉಂಡು ಏಳುವವನಿಗಿಂತ ರೊಟ್ಟಿ ತಿನ್ನುವವನು ಕಡಿಮೆ ತಿಂದು ತೃಪ್ತನಾಗುವುದು ಇದರಿಂದಲೇ.

ಜೋಳದ ರೊಟ್ಟಿಗೆ ಇನ್ನೊಂದು ದೊಡ್ಡ ಗುಣವಿದೆ. ಅದನ್ನು ಬೇಯಿಸುವಾಗ ಮೇಲೆ ಸವರುವುದು ನೀರು, ಎಣ್ಣೆಯಲ್ಲ. ಮಧ್ಯಮ ಗಾತ್ರದ ರೊಟ್ಟಿಗೆ 50 ಗ್ರಾಂ ಹಿಟ್ಟು, ಅಂದರೆ ಕಿಲೋ ಹಿಟ್ಟಿಗೆ 20 ರೊಟ್ಟಿ ಎಂದು ಹಿಡಿದರೆ, ಒಂದು ರೊಟ್ಟಿಯಲ್ಲಿ ಸುಮಾರು 167 ಕ್ಯಾಲೊರಿ. ಅದಕ್ಕಿಂತ ಚಿಕ್ಕದಾದ, 40 ಗ್ರಾಂ ಹಿಟ್ಟಿನ ಚಪಾತಿಗೆ ಒಂದು ಚಮಚ ಎಣ್ಣೆ ಹಾಕಿ ಬೇಯಿಸಿದರೆ ಅದೂ 170ನ್ನು ದಾಟುವುದು. ಚಪಾತಿ ತಿನ್ನಬಾರದೆಂದಲ್ಲ, ಎಣ್ಣೆ ಹಾಕದೆ ಫುಲ್ಕದಂತೆ ಬೇಯಿಸಿದ, ಹೊಟ್ಟು ತೆಗೆಯದ ಹಿಟ್ಟಿನ ಚಪಾತಿ ಬುತ್ತಿಗೆ ಬಹಳ ಅನುಕೂಲವಾದದ್ದು. ಗೋಧಿಯ ಹಿಟ್ಟನ್ನು ನುಣುಪಾದ ಜರಡಿಯಲ್ಲಿ ಸಾಣಿಸಿ ತೌಡನ್ನು ದನಕ್ಕೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ದನಕ್ಕೆ ಹಾಕಿದ ಆ ತೌಡಿನಲ್ಲಿಯೇ ಚಪಾತಿಯ ಅರ್ಧ ಸತ್ವ ಹೋಗಿರುತ್ತದೆ.

ಸಜ್ಜೆಯ ರೊಟ್ಟಿಯನ್ನು ಚಳಿಗಾಲದ ಆಹಾರವೆಂದು ಜನ ಭಾವಿಸಿದ್ದಾರೆ. ಕ್ಯಾಲೊರಿಯಲ್ಲಿ ಅದು ಜೋಳಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಕಬ್ಬಿಣದ ಅಂಶ 100 ಗ್ರಾಂಗೆ 6 ಮಿಲಿಗ್ರಾಂಗೂ ಮಿಗಿಲಾಗಿದ್ದು, ಜೋಳದ ಸುಮಾರು ಒಂದೂವರೆ ಪಟ್ಟಿದೆ. ರಕ್ತಹೀನತೆಯುಳ್ಳ ಸ್ತ್ರೀಯರ ಬುತ್ತಿಯಲ್ಲಿ ವಾರಕ್ಕೆ ಎರಡು ಮೂರು ದಿನ ಸಜ್ಜೆಯ ರೊಟ್ಟಿ ಇರುವುದು ಒಳ್ಳೆಯದು. ಅದರ ಮೇಲೆ ಹಚ್ಚುವ ಎಳ್ಳು ಹೆಚ್ಚಾದಷ್ಟು ಕ್ಯಾಲೊರಿಯೂ ಹೆಚ್ಚುವುದೆಂಬುದು ಮಾತ್ರ ನೆನಪಿರಲಿ.

ಖಡಕ್ ರೊಟ್ಟಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ತೆಳ್ಳಗೆ ಬಡಿದು ಒಣಗಿಸಿದ ಆ ರೊಟ್ಟಿ ಕೈಗೆ ಹಗುರವಾಗಿ ಕಾಣುವುದರಿಂದ ನಾಲ್ಕು ಐದು ತಿಂದರೂ ಲೆಕ್ಕಕ್ಕೆ ಬರುವುದಿಲ್ಲ. ಒಣಗಿದ್ದು ನೀರು, ಹಿಟ್ಟು ಎಲ್ಲಿಗೂ ಹೋಗಿಲ್ಲ. ಆದುದರಿಂದ ರೊಟ್ಟಿಗಳನ್ನು ಎಣಿಸುವುದಕ್ಕಿಂತ ಹಿಟ್ಟನ್ನು ಅಳೆಯುವುದು ಸರಿಯಾದ ಕ್ರಮ. ಮನೆಯಲ್ಲಿ ಒಂದು ಬಟ್ಟಲನ್ನು ಗೊತ್ತುಮಾಡಿಕೊಂಡು, ಅದರ ತುಂಬ ಹಿಟ್ಟಿಗೆ ಎಷ್ಟು ರೊಟ್ಟಿಯಾಗುತ್ತದೆಂದು ಒಮ್ಮೆ ನೋಡಿದರೆ ಸಾಕು. ಮುಂದೆ ಅದೇ ಅಳತೆ.

ಇನ್ನು ಬೇಕರಿಯ ಬ್ರೆಡ್. ಸಾಮಾನ್ಯವಾದ ಬಿಳಿ ಬ್ರೆಡ್ ಮೈದಾದಿಂದ ತಯಾರಾದದ್ದು. ಅದರಲ್ಲಿ ನೀರಿನ ಅಂಶವಿರುವುದರಿಂದ 100 ಗ್ರಾಂಗೆ ಕ್ಯಾಲೊರಿ 250ರಷ್ಟು ಮಾತ್ರ. ಅಂಕಿಯನ್ನು ನೋಡಿ ಇದೇ ಹಗುರವೆಂದು ಭ್ರಮಿಸುವುದುಂಟು. ನಾರಿಲ್ಲದ ಕಾರಣ ನಾಲ್ಕು ತುಂಡು ತಿಂದವನಿಗೆ ಎರಡು ತಾಸಿನೊಳಗೆ ಮತ್ತೆ ಹಸಿವು. ಕಂದು ಬಣ್ಣದ ಬ್ರೆಡ್ಡೆಲ್ಲ ಇಡಿ ಗೋಧಿಯದಲ್ಲ. ಬಣ್ಣವನ್ನು ಸುಟ್ಟ ಸಕ್ಕರೆಯ ಪಾಕದಿಂದಲೂ ತರಬಹುದು. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯನ್ನು ಹೆಚ್ಚಿನದು ಮೊದಲು ಎಂಬ ಕ್ರಮದಲ್ಲಿ ಮುದ್ರಿಸಿರುತ್ತಾರೆ. ಮೊದಲ ಹೆಸರು ಇಡಿ ಗೋಧಿ ಹಿಟ್ಟು ಎಂದಿದ್ದರೆ ಕೊಳ್ಳಬಹುದು. ಮೈದಾ ಎಂದಿದ್ದರೆ ಬಣ್ಣ ಯಾವುದಾದರೂ ಒಂದೇ. ಅಕ್ಷರ ಚಿಕ್ಕದಾಗಿರುತ್ತದೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಬಹುದು. ಬಸ್ ನಿಲ್ದಾಣದ ಬಳಿ ಸಿಗುವ ವಡಾಪಾವ್ ಒಂದರಲ್ಲಿ ಸುಮಾರು 300 ಕ್ಯಾಲೊರಿಯಿದ್ದು, ಅದು ಹೆಚ್ಚು ಕಡಿಮೆ ಎರಡು ಜೋಳದ ರೊಟ್ಟಿಗೆ ಸಮ. ಆದರೆ ಅದನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಗಿರಮಿಟ್ಟಿನ ಜೊತೆಗೆ ಬರುವ ಮಿರ್ಚಿಯ ಸ್ಥಿತಿಯೂ ಇದೇ. ಚುರುಮುರಿ ಹಗುರ, ಮಿರ್ಚಿ ಎಣ್ಣೆಯಲ್ಲಿ ಮುಳುಗಿ ಎದ್ದದ್ದು.

ಒಳಗಿನ ಹೂರಣ

ಬುತ್ತಿಯ ಭಾರವೆಲ್ಲ ರೊಟ್ಟಿಯಲ್ಲಿದೆ ಎಂದು ತಿಳಿದು, ತೂಕ ಇಳಿಸಬಯಸುವವರು ಮೊದಲು ರೊಟ್ಟಿಯನ್ನೇ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿದರೆ ಬಹಳ ಸಲ ಭಾರವಿರುವುದು ಒಳಗೆ.

ಒಂದು ಬುತ್ತಿಯನ್ನು ಬಿಚ್ಚಿ ನೋಡೋಣ. ಮೂರು ಜೋಳದ ರೊಟ್ಟಿಗೆ 500 ಕ್ಯಾಲೊರಿ. ಬದನೆಕಾಯಿ ಎಣ್ಣೆಗಾಯಿ, ಒಬ್ಬರ ಪಾಲಿಗೆ ನಾಲ್ಕು ಚಮಚ ಎಣ್ಣೆ ಬಂದಿದ್ದರೆ, ಸುಮಾರು 200. ಇದರಲ್ಲಿ ಬದನೆಕಾಯಿಯ ಪಾಲು 25 ಮಾತ್ರ, ಉಳಿದುದೆಲ್ಲ ಎಣ್ಣೆ. ಶೇಂಗಾ ಹಿಂಡಿ 30 ಗ್ರಾಂಗೆ 150. ಹಿಂಡಿಯ ಮೇಲೆ ಸುರಿದ ಒಂದು ಚಮಚ ಎಣ್ಣೆಗೆ 45. ಬೆಣ್ಣೆಯ ಒಂದು ಉಂಡೆ, 15 ಗ್ರಾಂ, 110. ಒಟ್ಟು 1000 ದಾಟಿತು. ಹೊಲದಲ್ಲಿ ಬೆಳಗಿನಿಂದ ಬೈಗಿನವರೆಗೆ ಬೆವರು ಸುರಿಸುವವನಿಗೆ ಇದು ತಕ್ಕ ಊಟ; ಅಂಗಡಿಯ ಗಲ್ಲೆಯ ಮುಂದೆ ಕುಳಿತವನಿಗೆ ದಿನದ ಅರ್ಧಭಾಗ ಒಂದೇ ಹೊತ್ತಿನಲ್ಲಿ ತೀರಿತು.

ಈಗ ಇನ್ನೊಂದು ಬುತ್ತಿ. ಎರಡು ರೊಟ್ಟಿ, 335. ಹೆಸರುಕಾಳಿನ ಪಲ್ಯ, 30 ಗ್ರಾಂ ಒಣ ಕಾಳಿನಿಂದ ಮಾಡಿದ್ದು, 90; ಒಗ್ಗರಣೆಗೆ ಒಂದು ಚಮಚ ಎಣ್ಣೆ, 45. ಮೆಂತ್ಯ ಸೊಪ್ಪು ಒಂದು ಹಿಡಿಸೂಡು, 100 ಗ್ರಾಂ, 35. ಹಸಿ ಉಳ್ಳಾಗಡ್ಡಿ, ಸವತಿಕಾಯಿ ಸೇರಿ 25. ಅಗಸಿ ಹಿಂಡಿ ಒಂದು ಚಮಚ, 22. ಬೆಣ್ಣೆ ತೆಗೆದ ಮಜ್ಜಿಗೆ ಒಂದು ಲೋಟ, 30. ಒಟ್ಟು 600ಕ್ಕಿಂತ ಕಡಿಮೆ. ತಟ್ಟೆಯಲ್ಲಿ ಹರಡಿದರೆ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುವುದು. ಹೊಟ್ಟೆಯೂ ಹಾಗೆಯೇ ತಿಳಿಯುವುದು.

ಕಾಳಿನ ಪಲ್ಯಗಳು ಹಗುರವಾದ ಬುತ್ತಿಗೆ ಅತ್ಯುತ್ತಮ. ಹೆಸರು, ಮಡಿಕೆ, ಅಲಸಂದಿ, ಹುರುಳಿ, ಕಡಲೆ ಇವೆಲ್ಲ ನಮ್ಮ ಸೀಮೆಯ ಬೆಳೆಗಳೇ. ಹೆಸರುಕಾಳಿನ ನೂರು ಗ್ರಾಂನಲ್ಲಿ 22 ಗ್ರಾಂ ಸಸಾರಜನಕ, 17 ಗ್ರಾಂ ನಾರು. ಜೋಳದ ಸಸಾರಜನಕದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಂಶವನ್ನು ಕಾಳುಗಳು ತುಂಬಿಕೊಡುತ್ತವೆ. ರೊಟ್ಟಿಗೆ ಕಾಳುಪಲ್ಯವೆಂಬ ಹಳೆಯ ಜೋಡಿಯನ್ನು ಇಂದಿನ ಆಹಾರಶಾಸ್ತ್ರವು ಒಪ್ಪುವುದು ಈ ಕಾರಣಕ್ಕೆ. ಕಾಳನ್ನು ರಾತ್ರಿ ನೆನೆಹಾಕಿ, ಅರಿವೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಬೇಗ ಬೇಯುತ್ತದೆ, ಜೀವಸತ್ವಗಳೂ ವೃದ್ಧಿಸುತ್ತವೆ. ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರಿಗೆ ಬಳಸಬೇಕು.

ಝುಣಕವೂ ಒಳ್ಳೆಯದೇ, 30 ಗ್ರಾಂ ಕಡಲೆಹಿಟ್ಟಿಗೆ ಸುಮಾರು 100 ಕ್ಯಾಲೊರಿ. ಆದರೆ ಕಡಲೆಹಿಟ್ಟು ಎಣ್ಣೆಯನ್ನು ಎಷ್ಟು ಹಾಕಿದರೂ ಕುಡಿಯುವ ಪದಾರ್ಥ. ಉಳ್ಳಾಗಡ್ಡಿಯನ್ನು ಹೆಚ್ಚು ಹಾಕಿ, ಹಿಟ್ಟನ್ನು ನೀರಿನಲ್ಲಿ ಕಲಸಿ, ಮುಚ್ಚಳ ಮುಚ್ಚಿ ಹಬೆಯಲ್ಲಿ ಬೇಯಿಸಿದರೆ ಎರಡು ಚಮಚದಲ್ಲಿ ನಾಲ್ವರಿಗಾಗುವ ಝುಣಕ ಸಿದ್ಧವಾಗುವುದು.

ಸೊಪ್ಪುಗಳ ವಿಷಯದಲ್ಲಿ ಈ ಭಾಗದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಪುಂಡಿ ಪಲ್ಯ, ಮೆಂತ್ಯ, ರಾಜಗಿರಿ, ಸಬ್ಬಸಿಗೆ, ಕಡಲೆ ಗಿಡದ ಎಳೆಯ ಕುಡಿಗಳನ್ನು ಚಿವುಟಿ ಮಾಡುವ ಕಡ್ಲಿ ಪಲ್ಯ. ಹಸಿಯಾಗಿಯೇ ರೊಟ್ಟಿಯ ಜೊತೆ ಕಡಿಯುವ ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ಇವುಗಳಲ್ಲಿ ಬಹಳಷ್ಟಕ್ಕೆ ನೂರು ಗ್ರಾಂಗೆ 25ರಿಂದ 40 ಕ್ಯಾಲೊರಿ ಮಾತ್ರ. ಬೆಂಗಳೂರಿನ ಹೋಟೆಲುಗಳಲ್ಲಿ ಸಲಾಡ್ ಎಂದು ಹಣ ಕೊಟ್ಟು ತಿನ್ನುವುದನ್ನು ನಮ್ಮವರು ಬದುವಿನ ಮೇಲೆ ಕಿತ್ತು ತಿನ್ನುತ್ತಾರೆ. ಔಷಧಿ ಸಿಂಪಡಿಸಿದ ಹೊಲದ ಸೊಪ್ಪನ್ನು ಮಾತ್ರ ಹಾಗೆ ಕಿತ್ತು ತಿನ್ನಬಾರದು. ಬದುವಿನ ಸೊಪ್ಪಾದರೂ ಎರಡು ಮೂರು ನೀರಿನಲ್ಲಿ ತೊಳೆದೇ ತಿನ್ನತಕ್ಕದ್ದು. ಕ್ರಿಮಿನಾಶಕದ ಖಾಲಿ ಡಬ್ಬಿಯಲ್ಲಿ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಹೊಲಕ್ಕೆ ಒಯ್ಯುವುದು ಪ್ರಾಣಾಪಾಯಕರ. ಎಷ್ಟು ತೊಳೆದರೂ ಆ ಡಬ್ಬಿ ಶುದ್ಧವಾಗದು.

ಸೊಪ್ಪಿನಲ್ಲಿರುವ ಕಬ್ಬಿಣವು ಮೈಗೆ ಹತ್ತಬೇಕಾದರೆ ಹುಳಿ ಬೇಕು. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುವುದು ಸುಲಭವಾದ ಉಪಾಯ. ಊಟದ ಕೂಡಲೇ ಚಹಾ ಕುಡಿದರೆ ಆ ಕಬ್ಬಿಣದ ದೊಡ್ಡ ಭಾಗ ವ್ಯರ್ಥವಾಗುತ್ತದೆ. ಒಂದು ತಾಸು ತಡೆಯಬೇಕು. ಚಹಾದ ಮಾತು ಬಂದಿತಾದ್ದರಿಂದ ಹೇಳುವುದಾದರೆ, ದಿನಕ್ಕೆ ನಾಲ್ಕು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ 160 ಕ್ಯಾಲೊರಿ. ಒಂದು ರೊಟ್ಟಿಯನ್ನು ಬಿಟ್ಟು ಅದೇ ಚಹಾವನ್ನು ಮುಂದುವರಿಸುವವರಿಗೆ ಲಾಭವೇನೂ ಇಲ್ಲ.

ಹಿಂಡಿಗಳಲ್ಲಿ ಶೇಂಗಾ, ಅಗಸಿ, ಗುರೆಳ್ಳು ಮೂರೂ ಪೌಷ್ಟಿಕವಾದವು. ಅಗಸಿಯಲ್ಲಿ ಹೃದಯಕ್ಕೆ ಹಿತವಾದ ಜಾತಿಯ ಜಿಡ್ಡಿದೆ. ಆದರೆ ಶೇಂಗಾದ ನೂರು ಗ್ರಾಂನಲ್ಲಿ 520 ಕ್ಯಾಲೊರಿ, ಅಗಸಿಯಲ್ಲಿ 440ಕ್ಕೂ ಹೆಚ್ಚು. ಇವು ರುಚಿಗೆ ಸವರುವ ಪದಾರ್ಥ. ಪಲ್ಯದ ಬದಲು ಹಿಂಡಿಯಲ್ಲಿಯೇ ರೊಟ್ಟಿ ಮುಗಿಸುವುದು ಸರಿಯಲ್ಲ. ಒಂದೆರಡು ಚಮಚ ಸಾಕು. ಹಿಂಡಿಗೆ ಎಣ್ಣೆ ಹಾಕಿ ಕಲಸುವ ಬದಲು ಮೊಸರು ಹಾಕಿ ಕಲಸಿದರೆ ಗಂಟಲಿಗೆ ಇಳಿಯುವುದಕ್ಕೆ ಅಷ್ಟೇ ಸಲೀಸು. ರಂಜಕ, ಉಪ್ಪಿನಕಾಯಿಗಳಲ್ಲಿ ಕ್ಯಾಲೊರಿಯ ಭಯಕ್ಕಿಂತ ಉಪ್ಪಿನ ಭಯ ಹೆಚ್ಚು. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು, ಅಂದರೆ ಒಂದು ಚಿಕ್ಕ ಚಮಚ ಮಿತಿ. ರಕ್ತದೊತ್ತಡವುಳ್ಳವರು ಇವುಗಳನ್ನು ಬೆರಳ ತುದಿಯಷ್ಟಕ್ಕೆ ನಿಲ್ಲಿಸಬೇಕು.

ಎಣ್ಣೆಗಾಯಿಯನ್ನು ಬಿಡಬೇಕೇ? ಬೇಡ. ತುಂಬಿದ ಬದನೆಕಾಯಿಗಳನ್ನು ಮೊದಲು ಹಬೆಯಲ್ಲಿ ಮುಕ್ಕಾಲು ಬೇಯಿಸಿಕೊಂಡು, ಕೊನೆಗೆ ಸ್ವಲ್ಪ ಎಣ್ಣೆಯ ಒಗ್ಗರಣೆಯಲ್ಲಿ ಹೊರಳಿಸಿದರೆ ಎಣ್ಣೆ ಮೂರನೆಯ ಒಂದು ಭಾಗಕ್ಕೆ ಇಳಿಯುವುದು. ಮೇಲೆ ತೇಲುವ ಎಣ್ಣೆ ಕಾಣಿಸದಿದ್ದರೆ ಅತಿಥಿಗಳು ಏನೆಂದುಕೊಳ್ಳುವರೋ ಎಂಬ ಸಂಕೋಚ ಗೃಹಿಣಿಯರಿಗೆ ಇರುವುದು ಸಹಜ. ನಿತ್ಯದ ಅಡುಗೆಗೆ ಒಂದು ರೀತಿ, ಬೀಗರು ಬಂದ ದಿನಕ್ಕೆ ಒಂದು ರೀತಿ ಇರಲಿ. ಎಣ್ಣೆಯನ್ನು ಶೀಸೆಯಿಂದ ನೇರವಾಗಿ ಬಾಣಲೆಗೆ ಸುರಿಯದೆ ಚಮಚದಿಂದ ಹಾಕುವುದನ್ನು ರೂಢಿಸಿಕೊಳ್ಳಬೇಕು. ಕಣ್ಣಿಗೆ ಕಾಣುವ ಎಣ್ಣೆ, ತುಪ್ಪ, ಬೆಣ್ಣೆಗಳೆಲ್ಲ ಸೇರಿ ಒಬ್ಬ ವಯಸ್ಕರಿಗೆ ದಿನಕ್ಕೆ 20ರಿಂದ 30 ಗ್ರಾಂ, ಎಂದರೆ 4ರಿಂದ 6 ಚಮಚ ಸಾಕು.

ಕಟ್ಟುವ ಕ್ರಮ

ಜೋಳದಲ್ಲಿ ಗೋಧಿಯಂತೆ ಜಿಗುಟು ಇಲ್ಲ. ಆದುದರಿಂದ ತಣ್ಣಗಾದ ರೊಟ್ಟಿ ಮಡಚಿದರೆ ಬಿರಿಯುತ್ತದೆ. ಕುದಿಯುವ ಎಸರಿನಲ್ಲಿ ಹಿಟ್ಟನ್ನು ಕಲಸಿ ಚೆನ್ನಾಗಿ ನಾದಿದರೆ ಪಿಷ್ಟವೇ ಅಂಟಾಗಿ ರೊಟ್ಟಿ ಮೆತ್ತಗೆ ಉಳಿಯುತ್ತದೆ. ಬಿಸಿ ಇರುವಾಗಲೇ ಅರಿವೆಯಲ್ಲಿ ಸುತ್ತಿಡಬೇಕು. ಸುರುಳಿ ಮಾಡುವಾಗ ಮೊದಲು ತೊಳೆದು ಆರಿಸಿದ ಹಸಿ ಸೊಪ್ಪನ್ನು ಹರಡಿ, ಅದರ ಮೇಲೆ ನೀರಿಲ್ಲದ ಗಟ್ಟಿ ಪಲ್ಯವನ್ನಿಟ್ಟರೆ ರೊಟ್ಟಿ ನೆನೆದು ಹರಿಯುವುದಿಲ್ಲ. ಸವತಿಕಾಯಿಯನ್ನು ಹೆಚ್ಚದೆ ಇಡಿಯಾಗಿ ಒಯ್ದು ಹೊಲದಲ್ಲಿಯೇ ಕೊಯ್ಯುವುದು ಲೇಸು. ಮೊಸರು, ಮಜ್ಜಿಗೆ ಬೇರೆ ಡಬ್ಬಿಯಲ್ಲಿರಲಿ. ಬೇಸಿಗೆಯಲ್ಲಿ ಬೇಯಿಸಿದ ಕಾಳು ಬೇಗ ಹಳಸುವುದರಿಂದ ಮುಂಜಾನೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ತಿನ್ನಬೇಕು. ಹಿಂದಿನ ರಾತ್ರಿಯ ಪಲ್ಯವನ್ನು ಬುತ್ತಿಗೆ ಹಾಕಬಾರದು.

ಯಾರ ಬುತ್ತಿ ಹಗುರವಾಗಬೇಕು, ಯಾರದು ಆಗಬಾರದು

ಇದು ಈ ಲೇಖನದ ಮುಖ್ಯವಾದ ಮಾತು. ಕಣ್ಣಳತೆಯಿಂದ ಇದನ್ನು ನಿರ್ಧರಿಸಲಾಗದು. ಎತ್ತರವನ್ನೂ ತೂಕವನ್ನೂ ಅಳೆಯಬೇಕು. ಐದು ಅಡಿ, ಅಂದರೆ ಸುಮಾರು 150 ಸೆಂಟಿಮೀಟರ್ ಎತ್ತರದ ವಯಸ್ಕರ ತೂಕ 42ರಿಂದ 51 ಕಿಲೋ ಇದ್ದರೆ ಸರಿ. 52 ಮುಟ್ಟಿದರೆ ಹೆಚ್ಚು. 56 ದಾಟಿದರೆ ಸ್ಥೂಲಕಾಯ. 160 ಸೆಂಟಿಮೀಟರ್ ಎತ್ತರದವರಿಗೆ 48ರಿಂದ 58 ಸರಿ, 59 ಮುಟ್ಟಿದರೆ ಹೆಚ್ಚು, 64 ಮುಟ್ಟಿದರೆ ಸ್ಥೂಲಕಾಯ. ತೂಕ ಸರಿಯಿದ್ದರೂ ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ಮೀರಿದ್ದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಬೇನೆಗಳ ಸಂಭವ ಹೆಚ್ಚು. ಅಂಥವರ ಬುತ್ತಿ ಹಗುರವಾಗಬೇಕು.

ಸಕ್ಕರೆ ಕಾಯಿಲೆಯುಳ್ಳವರು ಜೋಳದ ರೊಟ್ಟಿಯನ್ನು ಔಷಧಿಯೆಂದು ತಿಳಿದು ಎಷ್ಟಾದರೂ ತಿನ್ನಬಹುದೆಂದು ಭಾವಿಸಬಾರದು. ಜೋಳದಲ್ಲಿಯೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ರೊಟ್ಟಿ ಎರಡು, ಕಾಳು ಮತ್ತು ಸೊಪ್ಪು ಯಥೇಚ್ಛ ಎಂಬುದು ಅವರಿಗೆ ಸರಿಯಾದ ಕ್ರಮ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ಊಟ ತಗ್ಗಿಸಿದರೆ, ಅಥವಾ ಉಪವಾಸ ಮಾಡಿದರೆ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಬೆವರು, ನಡುಕ, ಎಚ್ಚರ ತಪ್ಪುವುದು ಉಂಟಾಗಬಹುದು. ಅವರು ವೈದ್ಯರನ್ನು ಕೇಳಿಯೇ ಆಹಾರವನ್ನು ಬದಲಿಸತಕ್ಕದ್ದು.

ಗರ್ಭಿಣಿಯ ಬುತ್ತಿ ಹಗುರವಾಗಕೂಡದು. ಆಕೆಗೆ ಮೊದಲಿಗಿಂತ ದಿನಕ್ಕೆ 350 ಕ್ಯಾಲೊರಿ ಅಧಿಕ ಬೇಕು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು 600 ಅಧಿಕ. ಕೂಸು ದೊಡ್ಡದಾದರೆ ಹೆರಿಗೆ ಕಷ್ಟವಾಗುವುದೆಂದು ಬಸುರಿಗೆ ರೊಟ್ಟಿ ಕಡಿಮೆ ಮಾಡುವ ಮನೆಗಳು ಇನ್ನೂ ಇವೆ. ಇದರಿಂದ ತಾಯಿ ನಿಶ್ಶಕ್ತಳಾಗಿ, ಕೂಸು ಕಡಿಮೆ ತೂಕದ್ದಾಗಿ ಹುಟ್ಟುವುದು. ಐದು ವರ್ಷದೊಳಗಿನ ಮಕ್ಕಳಿಗೂ ಹಗುರ ಆಹಾರದ ನಿಯಮ ಸಲ್ಲದು. ಅವುಗಳ ಹೊಟ್ಟೆ ಚಿಕ್ಕದು, ಅವಶ್ಯಕತೆ ದೊಡ್ಡದು. ಆರು ತಿಂಗಳು ತುಂಬಿದ ಕೂಸಿಗೆ ತಾಯಿಯ ಹಾಲಿನ ಜೊತೆಗೆ ರೊಟ್ಟಿಯನ್ನು ಬೇಳೆಯ ಕಟ್ಟಿನಲ್ಲಿ ಮೆತ್ತಗೆ ಹಿಸುಕಿ, ಒಂದು ಚಮಚ ತುಪ್ಪ ಹಾಕಿ ಉಣ್ಣಿಸಬೇಕು. ದೊಡ್ಡವರ ಬುತ್ತಿಯಿಂದ ತೆಗೆದ ಬೆಣ್ಣೆ ಇಲ್ಲಿ ಸಾರ್ಥಕವಾಗುವುದು.

ಬಾಣಂತನದ ಅಂಟಿನ ಉಂಡೆ, ಒಣಕೊಬ್ಬರಿ, ತುಪ್ಪಗಳು ಹಾಲೂಡಿಸುವ ಕಾಲಕ್ಕೆ ತಕ್ಕವು. ಕೂಸು ಹಾಲು ಬಿಟ್ಟ ಮೇಲೂ ತವರಿನಿಂದ ಬಂದ ಉಂಡೆಯ ಡಬ್ಬಿ ಮುಂದುವರಿದರೆ ಆ ಕ್ಯಾಲೊರಿಗೆ ಹೋಗಲು ದಾರಿಯಿರುವುದಿಲ್ಲ.

ಇದೇ ಕಾಲಕ್ಕೆ ಅನೇಕ ಸ್ತ್ರೀಯರು ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಳ್ಳುವುದರಿಂದ, "ಆಪರೇಷನ್ ಆದ ಮ್ಯಾಲೆ ಮೈ ಬಂತ್ರೀ ಅಕ್ಕಾರೆ" ಎಂಬ ಮಾತು ಹುಟ್ಟಿಕೊಂಡಿದೆ. ಈ ಭಯದಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಬೇಡದ ಗರ್ಭವನ್ನು ಹೊರುವವರೂ ಇದ್ದಾರೆ. ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಅಂಡನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಅಂಡಾಶಯಗಳು ಮೊದಲಿನಂತೆಯೇ ಕೆಲಸ ಮಾಡುತ್ತವೆ, ಮುಟ್ಟೂ ಬರುತ್ತದೆ, ಮೈ ಬೆಳೆಸುವ ಯಾವ ರಸವೂ ಹೆಚ್ಚುವುದಿಲ್ಲ. ತೂಕ ಏರುವುದು ಬಾಣಂತನದ ಊಟ, ವಿಶ್ರಾಂತಿ, ವಯಸ್ಸುಗಳಿಂದ. ಗರ್ಭನಿರೋಧಕ ಚುಚ್ಚುಮದ್ದಿನಿಂದ ಕೆಲವರಲ್ಲಿ ತೂಕ ಸ್ವಲ್ಪ ಏರುವುದುಂಟು. ಹಾಗಾದಲ್ಲಿ ಆರೋಗ್ಯ ಕಾರ್ಯಕರ್ತೆಯೊಡನೆ ಮಾತನಾಡಿ ಬೇರೆ ವಿಧಾನಕ್ಕೆ ಬದಲಾಗಬಹುದು. ಪುರುಷರ ಶಸ್ತ್ರಚಿಕಿತ್ಸೆಯಾದರೂ ಹೀಗೆಯೇ: ಅದರಿಂದ ಶಕ್ತಿ ಕುಂದುವುದಿಲ್ಲ, ಆದುದರಿಂದ ಶಕ್ತಿ ತುಂಬಲೆಂದು ತಿಂಗಳುಗಟ್ಟಲೆ ತುಪ್ಪ, ಬಾದಾಮಿ ತಿನ್ನಬೇಕಾದ ಕಾರಣವೂ ಇಲ್ಲ.

ಇನ್ನು ಗೃಹಿಣಿಯ ಊಟ. ಎಲ್ಲರೂ ಉಂಡ ಮೇಲೆ ಉಳಿದ ರೊಟ್ಟಿಯನ್ನು ತಳದ ಪಲ್ಯದಲ್ಲಿ, ಇಲ್ಲವೆ ಬರಿಯ ಹಿಂಡಿಯಲ್ಲಿ ತಿನ್ನುವ ರೂಢಿಯಿಂದ ಎರಡು ಬಗೆಯ ಕೇಡುಂಟು. ಪಲ್ಯ ಮುಗಿದಿದ್ದರೆ ಕಾಳು, ಸೊಪ್ಪು ಆಕೆಗೆ ಸಿಗದೆ ರಕ್ತ ಕುಂದುವುದು. ಮಿಕ್ಕಿದ್ದು ಹಾಳಾಗಬಾರದೆಂದು ಮಕ್ಕಳು ಬಿಟ್ಟ ತುಂಡುಗಳನ್ನೆಲ್ಲ ಆಕೆಯೇ ತಿಂದರೆ ತೂಕ ಏರುವುದು. ಒಬ್ಬಳೇ ಹೆಣ್ಣುಮಗಳಲ್ಲಿ ಸ್ಥೂಲಕಾಯವೂ ರಕ್ತಹೀನತೆಯೂ ಕಾಣಲು ಇದು ಒಂದು ಕಾರಣ. ಬುತ್ತಿ ಕಟ್ಟುವ ಹೊತ್ತಿಗೆ ಎಲ್ಲರ ಪಲ್ಯವನ್ನೂ, ತನ್ನದನ್ನೂ ಸೇರಿಸಿ, ಮೊದಲೇ ಬೇರೆ ಬೇರೆ ಬಟ್ಟಲಿಗೆ ತೆಗೆದಿಟ್ಟರೆ ಈ ತೊಂದರೆ ತಪ್ಪುವುದು. ಇದನ್ನು ಆಕೆ ತಾನಾಗಿ ಮಾಡಲು ಸಂಕೋಚಪಡಬಹುದು. ಮನೆಯ ಯಜಮಾನನು, ಅತ್ತೆಯವರು ಹೇಳಿದರೆ ಸುಲಭ.

ಬುತ್ತಿಯನ್ನು ಬದಲಿಸುವ ಮೊದಲು ಗಂಡ ಹೆಂಡಿರಿಬ್ಬರೂ ಸಮೀಪದ ಉಪಕೇಂದ್ರದಲ್ಲಿ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡಗಳನ್ನು ಬರೆಸಿಕೊಳ್ಳಬೇಕು. 30 ವರ್ಷ ತುಂಬಿದವರಿಗೆ ಸಕ್ಕರೆಯ ತಪಾಸಣೆಯನ್ನೂ ಅಲ್ಲಿ ಉಚಿತವಾಗಿ ಮಾಡುತ್ತಾರೆ. ಎರಡು ತಿಂಗಳ ನಂತರ ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ತೂಗಿಸಬೇಕು. ತಿಂಗಳಿಗೆ ಒಂದೆರಡು ಕಿಲೋ ಇಳಿದರೆ ಅದು ಸರಿಯಾದ ವೇಗ. ಊಟ ಬದಲಿಸದೆಯೇ ತೂಕ ಇಳಿಯುತ್ತಿದ್ದರೆ, ನೀರಡಿಕೆ, ಅತಿಮೂತ್ರ, ಬಹುಕಾಲದ ಕೆಮ್ಮು ಜೊತೆಗಿದ್ದರೆ, ಅದು ಬುತ್ತಿಯ ಫಲವಲ್ಲ. ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ತೋರಿಸತಕ್ಕದ್ದು.